ಚಪ್ಪರದ ಕೆಳಗೆ ಜಪಾನಿ ಅಕ್ಷರಗಳು

ಕಾಮಯಗೌಂಡನ್‌ಪಟ್ಟಿಯ ನಮ್ಮ ದ್ರಾಕ್ಷಿ ತೋಟದಲ್ಲಿ, ಮೋಟಾರು ಕೋಣೆಯ ಪಕ್ಕಕ್ಕೆ ಒಂದು ಕಲ್ಲುಬೆಂಚಿದೆ. ಮೂರು ವರ್ಷಗಳಿಂದ ಅದು ಕಂಬಂ ಕಣಿವೆಯ ಏಕೈಕ ಜಪಾನಿ ವಿದ್ಯಾಪೀಠ. ಅಧ್ಯಾಪಕನೂ ನಾನೇ, ವಿದ್ಯಾರ್ಥಿಯೂ ನಾನೇ. ಶಿಸ್ತು ಸಾಧಾರಣ, ಹಾಜರಿ ತೃಪ್ತಿಕರ. ಬೆಳಗ್ಗೆ ಬಳ್ಳಿಗಳಿಗೆ ನೀರು ಬಿಟ್ಟು, ಕಾಫಿ ಲೋಟ ಹಿಡಿದು ಕೂತು, ದಿಂಡಿಗಲ್ಲಿನಲ್ಲಿ ಇದಕ್ಕೆಂದೇ ಮಾಡಿಸಿದ ಕನ್ನಡಕ ಏರಿಸಿದರೆ ಪಾಠ ಆರಂಭವಾಗುತ್ತದೆ.

ಈ ವಯಸ್ಸಿನಲ್ಲಿ ಇದೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಿದೆ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಬರೆದು ಬೆಳೆದವನು ನಾನು. ಕನ್ನಡಕ್ಕೆ ಲಿಪಿ ಇದೆ ಎಂಬ ಸುದ್ದಿ ನಮ್ಮ ಮನೆಗೆ ತಲುಪಿದ್ದೇ ತಡವಾಗಿ. ದ್ರಾಕ್ಷಿ ಲಾರಿಯ ಜೊತೆ ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತಿದ್ದ ಕಾಲದಲ್ಲಿ, ಬಸ್ಸಿನ ಬೋರ್ಡು ನೋಡಿ ನೋಡಿ ಅದನ್ನು ಕಲಿತೆ. ತಾಯಿನುಡಿಯ ಅಕ್ಷರವನ್ನೇ ಮೀಸೆ ನರೆಯತೊಡಗಿದ ಮೇಲೆ ತಿದ್ದಿದವನು ಬೇರೆಯವರ ಅಕ್ಷರಕ್ಕೆ ಹೆದರಬೇಕಾದ ಕಾರಣವೇನೂ ಇಲ್ಲ.

ಹೆದರದೆ ಇದ್ದದ್ದು ನಿಜ. ಶುರು ಮಾಡಿಸಿದ್ದು ಮಾತ್ರ ಒಂದು ನಗು.

ನಮ್ಮ ಕಣಿವೆಯ ತೋಟಗಳನ್ನು ನೋಡಲು ಜಪಾನಿನಿಂದ ಕೆಲವರು ಬಂದಿದ್ದರು. ಅವರಲ್ಲಿ ಒಬ್ಬರು ಮುದುಕರು, ತಾವೇ ದ್ರಾಕ್ಷಿ ಬೆಳೆಯುವವರು. ಅವರ ಊರಲ್ಲೂ ಬಳ್ಳಿಯನ್ನು ನಮ್ಮ ಹಾಗೆಯೇ ತಲೆಯ ಮೇಲೆ ಚಪ್ಪರಕ್ಕೆ, ನಾವು ಪಂದಲ್ ಎನ್ನುವುದಕ್ಕೆ, ಹಬ್ಬಿಸುತ್ತಾರಂತೆ. ಆಗ ತಾನೇ ನಮ್ಮಲ್ಲಿ ಕವಾತು ಮುಗಿದಿತ್ತು. ಬಳ್ಳಿಯ ಕೊಂಬೆಗಳನ್ನೆಲ್ಲ ಕತ್ತರಿಸಿ ಬೋಳು ಮಾಡಿ, ಹೊಸ ಚಿಗುರನ್ನೂ ಅದರೊಂದಿಗೆ ಗೊಂಚಲನ್ನೂ ಹೊರಡಿಸುವ ಕೆಲಸಕ್ಕೆ ನಾವು ಹಾಗೆನ್ನುತ್ತೇವೆ. ಮುದುಕರು ತಲೆಯೆತ್ತಿ ನೋಡಿದರು. ಒಂದು ಕೊಂಬೆ ಹಿಡಿದರು, ಇನ್ನೊಂದು ಹಿಡಿದರು, ನಕ್ಕರು. ಆಮೇಲೆ ಕೈಯಲ್ಲಿ ಉದ್ದ ತೋರಿಸಿ, ಗಿಡ್ಡ ತೋರಿಸಿ, ಒಂದು ಹರಿಕಥೆಯಷ್ಟು ಮಾತಾಡಿದರು. ಜೊತೆಯಲ್ಲಿದ್ದ ದುಭಾಷಿ ಹುಡುಗಿ ಪಟ್ಟಣದವಳು, ಬಳ್ಳಿ ಕಂಡವಳಲ್ಲ. ಅಷ್ಟನ್ನೂ ಕೇಳಿ, "ತುಂಬಾ ಚೆನ್ನಾಗಿದೆ ಅಂತಾರೆ ಸರ್" ಎಂದಳು.

ಹೋಗುವಾಗ ಅವರು ಒಂದು ಪುಸ್ತಕ ಕೊಟ್ಟರು. ಅದರ ತುಂಬ ಚಪ್ಪರದ ಚಿತ್ರಗಳು, ಕತ್ತರಿಸಿದ ಕೊಂಬೆಗಳ ರೇಖೆಗಳು, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಆ ನಗುವಿನ ಅರ್ಥ ಅದರಲ್ಲಿದೆ ಎಂದು ನನಗೆ ಖಾತ್ರಿಯಾಯಿತು. ಓದದೆ ಬಿಡುವುದಿಲ್ಲ ಎಂದು ಅಂದೇ ಮನೆಯಲ್ಲಿ ಘೋಷಿಸಿದೆ.

ಜಪಾನಿಯರು ಚೀನಾದಿಂದ ತಂದುಕೊಂಡ ಈ ಚಿತ್ರದಂಥ ಅಕ್ಷರಗಳಿಗೆ ಕಾಂಜಿ ಎಂದು ಹೆಸರು. ಗಂಜಿಗೆ ಕಂಜಿ ಎನ್ನುವ ತಮಿಳು ನಾಡಿನಲ್ಲಿ ಕೂತು ಕಾಂಜಿ ಕಲಿಯುತ್ತೇನೆ ಎಂದವನಿಗೆ ಗಂಜಿಯ ಬಗ್ಗೆ ಎಷ್ಟು ಹಾಸ್ಯ ಸಲ್ಲಬೇಕೋ ಅಷ್ಟೂ ಸಂದಿದೆ. ಆ ಕಡತವನ್ನು ಮುಚ್ಚಿದ್ದೇನೆ. ಮೊದಮೊದಲು ಸುಖವಾಗಿಯೇ ಇತ್ತು. ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು, ಮೂರು ಬರೆದರೆ ಕಾಡು. ರೈತನಿಗೆ ಇದಕ್ಕಿಂತ ನ್ಯಾಯವಾದ ಲಿಪಿ ಇನ್ನೊಂದಿಲ್ಲ ಎಂದುಕೊಂಡೆ. ಆಮೇಲೆ ಉಳಿದ ಸಾವಿರಾರು ಬಂದವು.

ಅವುಗಳನ್ನು ನೆನಪಿಡಲು ಫೋನಿನಲ್ಲಿ ಒಂದು ಆ್ಯಪ್ ಇದೆ. ಅದು ಅಕ್ಷರ ತೋರಿಸುತ್ತದೆ. ಗೊತ್ತು ಎಂದರೆ ಅದನ್ನು ದೂರ ಕಳಿಸುತ್ತದೆ, ಗೊತ್ತಿಲ್ಲ ಎಂದರೆ ನಾಳೆ ಮತ್ತೆ ಕರೆತರುತ್ತದೆ. ಸತತವಾಗಿ ಗುರುತು ಹಿಡಿದ ಅಕ್ಷರ ವಾರ ಬಿಟ್ಟು, ತಿಂಗಳು ಬಿಟ್ಟು, ಕೊನೆಗೆ ವರ್ಷಕ್ಕೊಮ್ಮೆ ಮುಖ ತೋರಿಸುತ್ತದೆ. ಅಂದರೆ ನೆಂಟರ ಹಾಗೆ. ಸಂಬಂಧ ಸರಿ ಇದ್ದವರು ಪೊಂಗಲಿಗೆ ಬಂದು ಹೋಗುತ್ತಾರೆ. ಮನಸ್ತಾಪ ಇರುವವರು ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತಿರುತ್ತಾರೆ.

ಎರಡು ವರ್ಷ ಹೀಗೆ ಸಾಗಿದ ಮೇಲೆ ನನ್ನ ಹೆಂಡತಿ ಒಂದು ದಿನ ತೀರ್ಪು ಕೊಟ್ಟಳು. ಆಕೆ ನನ್ನ ಅತ್ತೆಯ ಮಗಳು, ಹುಟ್ಟಿದಾಗಿನಿಂದ ನನ್ನನ್ನು ಬಲ್ಲವಳು, ಇಂದಿಗೂ ಮಾವ ಎಂದೇ ಕರೆಯುವವಳು. ಆದ್ದರಿಂದ ನನ್ನ ಘೋಷಣೆಗಳಿಗೆ ಆಕೆಯ ಬಳಿ ಹೆಚ್ಚಿನ ಬೆಲೆ ಇಲ್ಲ. ತೋಟದಲ್ಲಿ ಕವಾತು ನಡೆಸುವವಳು ಅವಳೇ. ಎಲ್ಲಿ ಕತ್ತರಿ ಇಡಬೇಕು ಎಂದು ಆಳುಗಳು ಕೇಳುವುದು ಅವಳನ್ನು, ನನ್ನನ್ನಲ್ಲ.

"ಮಾವ, ಮೋಟಾರ್ ರೂಮ್ ಪಕ್ಕದ ಸಾಲು ನಿಮಗೆ ಬುಟ್ಟಿದ್ದೀನಿ" ಎಂದಳು. "ಬರೋ ಕವಾತಿಗೆ ಆ ಬುಕ್ಕು ಓದಿ, ಅದರಲ್ಲಿ ಇರೋ ಅಂಗೆ ಕತ್ತರಿಸಿ. ಓದಕ್ಕಾಗಲಿಲ್ಲ ಅಂದ್ರೆ ನಮ್ಮ ರೀತೀಲಿ ನಾನೇ ಕತ್ತರಿಸ್ತೀನಿ. ಆಮೇಲೆ ಈ ಫೋನು ಕೆರೆಯೋ ವೇಲೆ ಬೇಡ, ತೋಟದ ವೇಲೆ ನೋಡಿ."

ಕೆಲಸವನ್ನು ನಾವು ವೇಲೆ ಎನ್ನುವುದು ತಮಿಳಿನ ಸಾಲ. ಒಂದು ಸಾಲು ಎಂದರೆ ಸಣ್ಣ ಮಾತಲ್ಲ. ತಪ್ಪಾಗಿ ಕತ್ತರಿಸಿದರೆ ಆ ಬಾರಿ ಎಲೆಯನ್ನೇ ಕೊಯ್ಯಬೇಕು. ನಾನು ಗಂಭೀರವಾಗಿ ಒಪ್ಪಿಕೊಂಡೆ. ಆಗ ನನಗಿದ್ದ ಧೈರ್ಯ ನೋಡಿದ್ದರೆ ಇಡೀ ತೋಟವನ್ನೇ ಕೇಳಬಹುದಿತ್ತು.

ನಾನು ಗಮನಿಸದೆ ಇದ್ದದ್ದು ಒಂದೇ. ಎರಡು ವರ್ಷದಲ್ಲಿ ನಾನು ಕಂಡ ಕಂಡ ಅಕ್ಷರವನ್ನೆಲ್ಲ ಆ್ಯಪಿನೊಳಗೆ ಸೇರಿಸಿದ್ದೆ. ನೂಡಲ್ಸ್ ಪೊಟ್ಟಣದ ಮೇಲಿನದು, ಮೋಟಾರಿನ ತಗಡಿನ ಮೇಲಿನದು, ಸಿನಿಮಾದಲ್ಲಿ ಅಂಗಡಿಯ ಮುಂದೆ ತೂಗಿದ್ದು. ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರ ಮಾಡುವ ನನ್ನ ಹೆಂಡತಿಯ ಅಣ್ಣ ಎಲ್ಲಿಂದಲೋ ಜಪಾನಿ ಬರಹವಿದ್ದ ರಟ್ಟಿನ ಪೆಟ್ಟಿಗೆ ತಂದುಕೊಟ್ಟರೆ, ಅದರ ನಾಲ್ಕೂ ಮೈ ಸೇರಿಸಿದ್ದೆ. ಸೇರಿದ್ದು ಯಾವುದೂ ಹೊರಗೆ ಹೋಗಿರಲಿಲ್ಲ. ಹೊರಗೆ ಕಳಿಸಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಅಷ್ಟರಲ್ಲಿ ಕೊಯ್ಲು ಬಂತು. ಕೊಯ್ಲಿನಲ್ಲಿ ಮನುಷ್ಯ ಅಕ್ಷರ ನೋಡುವುದಿಲ್ಲ. ಆಳು, ಕ್ರೇಟು, ಲಾರಿ, ಮೋಡ ಇಷ್ಟೇ ನೋಡುತ್ತಾನೆ. ಎಲ್ಲ ಮುಗಿದು ಬೆಂಚಿಗೆ ಮರಳಿ ಫೋನು ತೆರೆದರೆ, ಪರಿಶೀಲನೆಗೆ ಕಾದಿದ್ದ ಅಕ್ಷರಗಳ ಸಂಖ್ಯೆ ನಮ್ಮೂರಿನ ಮತದಾರರನ್ನು ಮೀರಿತ್ತು. ಒಂದು ವಾರ ಹೋರಾಡಿದೆ. ಬೆಳಗ್ಗೆ ಎಷ್ಟು ಓಡಿಸಿದರೂ ಮರುದಿನ ಅಷ್ಟೇ ಬಂದು ನಿಲ್ಲುತ್ತಿದ್ದವು. ಪುಸ್ತಕದ ಕವಾತಿನ ಪುಟದ ಹತ್ತಿರಕ್ಕೂ ಹೋಗಲಾಗಲಿಲ್ಲ. ಎಂಟನೆಯ ದಿನ ಫೋನನ್ನು ಮಗುಚಿ ಇಟ್ಟು, ತುಂಬ ಹೊತ್ತು ಬಳ್ಳಿ ನೋಡುತ್ತ ಕೂತೆ. ವಿದ್ಯಾಪೀಠವನ್ನು ಮುಚ್ಚಿಬಿಡಬೇಕು ಎಂದು ಆಡಳಿತ ಮಂಡಳಿಗೆ ಅನಿಸಿದ್ದು ಅದೊಂದೇ ಬೆಳಗ್ಗೆ.

ಆ ಹೊತ್ತಿಗೇ ಸರಿಯಾಗಿ ಬೋಡಿನಾಯಕನೂರಿನ ಭಾವ ಬಂದರು, ತಂಗಿಯನ್ನು ನೋಡಲು. ನನ್ನನ್ನು ನೋಡಿದರು.

"ಏನ್ ಮಾಪ್ಳೆ, ಜಪಾನ್ ಕಾರ ಇನ್ನೂ ಬುಟ್ಟಿಲ್ವಾ ನಿಮ್ಮನ್ನ?"

"ಒಸಿ ಸೇರಿಹೋಗೈತೆ ಮಚ್ಚಾನ್" ಎಂದೆ. ತಂಗಿಯ ಗಂಡನಿಗೆ ಮಾಪ್ಳೆ, ಹೆಂಡತಿಯ ಅಣ್ಣನಿಗೆ ಮಚ್ಚಾನ್ ಎನ್ನುವುದೂ ತಮಿಳಿನ ಸಾಲವೇ.

"ಏಲಕ್ಕಿ ಇಂಗೆ ಸೇರಿಹೋದ್ರೆ ನಾನು ಬಂದ ಬೆಲೆಗೆ ತಳ್ಳಿಬುಡ್ತೀನಿ. ಇದನ್ನ ಯಾರು ತಕ್ಕೊಂತಾರೆ?"

ಹೆಂಡತಿ ಕಾಫಿ ತಂದಿದ್ದಳು. ಅಣ್ಣನ ಮಾತಿಗೆ ನಗಲಿಲ್ಲ. ಬೆಂಚಿನ ತುದಿಗೆ ಕೂತು ಫೋನನ್ನು ತಾನೇ ತಿರುಗಿಸಿದಳು.

"ಇದು ಏನು ಮಾವ?"

"ತಿಮಿಂಗಲ."

"ಬುಕ್ಕಲ್ಲಿ ಐತಾ?"

"ದ್ರಾಕ್ಷಿ ಬುಕ್ಕಲ್ಲಿ ತಿಮಿಂಗಲ ಯಾಕೆ ಇರ್ತದೆ?"

"ನಾನೂ ಅದೇ ಕೇಳ್ತೀನಿ. ನಮ್ಮ ಪಂದಲ್ ಕೆಳಗೆ ತಿಮಿಂಗಲಕ್ಕೆ ಏನ್ ವೇಲೆ? ತೆಗೆದುಬುಡಿ."

"ಕಲಿತು ಸೇರಿಸಿದ್ದನ್ನ ಹೆಂಗೆ ತೆಗೆಯೋದು?"

ಅವಳು ನನ್ನ ಮುಖವನ್ನೇ ನೋಡಿದಳು. "ಏನ್ ಮಾವ, ದೇವರಾವಾ ಇದು? ದೊಡ್ಡಿಗೆ ಕೂಡಿ ಸಾಯೋತನಕ ಮೇಯಿಸಕ್ಕೆ?"

ಭಾವ ಕಾಫಿ ಚೆಲ್ಲುವಂತೆ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಮಾತು ನೇರ ಬಂದು ತಾಗಿತ್ತು. ನಾವು ಹಸುವನ್ನು ಇಂದಿಗೂ ಆವು ಎನ್ನುವ ಜನ. ಕಂಬಂನಲ್ಲಿ ನಮ್ಮವರ ದೇವರ ಮಂದೆಯೊಂದಿದೆ. ಹರಕೆ ಹೊತ್ತವರು ಅದಕ್ಕೆ ಕರು ಬಿಡುತ್ತಾರೆ. ಹಾಗೆ ಸೇರಿದ ದನವನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಮುದಿಯಾಗಲಿ ಕುಂಟಾಗಲಿ, ಅದು ಮಂದೆಯದೇ. ನನ್ನ ಅಪ್ಪ ಬಿಟ್ಟ ಕರುವಿನ ಸಂತತಿ ಅಲ್ಲಿ ಎಲ್ಲೋ ಇದೆ ಎಂಬುದು ನಮ್ಮ ಮನೆಯ ಗೌರವಗಳಲ್ಲೊಂದು. ತಲೆಮಾರುಗಳಿಂದ ರಕ್ತದಲ್ಲಿರುವ ಈ ಪದ್ಧತಿಯನ್ನು ನಾನು ತಿಳಿಯದೆಯೇ ಜಪಾನಿ ಅಕ್ಷರಗಳಿಗೆ ವಿಸ್ತರಿಸಿದ್ದೆ. ನೂಡಲ್ಸ್ ಪೊಟ್ಟಣದ ಅಕ್ಷರಕ್ಕೂ ಹರಕೆಯ ಕರುವಿನ ಮರ್ಯಾದೆ ಕೊಟ್ಟಿದ್ದೆ. ಬೇರೆ ಯಾವ ಊರಿನ ವಿದ್ಯಾರ್ಥಿಯೂ ಹೀಗೆ ಕೆಡಲು ಸಾಧ್ಯವಿಲ್ಲ.

"ಬಳ್ಳಿ ಮೇಲೆ ಕತ್ತರಿ ಇಡುವಾಗ ಯಾರಿಗೂ ಕರುಣೆ ಇಲ್ಲ, ತಿಮಿಂಗಲಕ್ಕೆ ಮಾತ್ರ ಕರುಣೆ" ಎಂದು ಅವಳು ಎದ್ದಳು. "ಕತ್ತರಿಸಿದ್ದು ಸತ್ತೋಗಲ್ಲ ಮಾವ. ಬೇಕಾದ್ದು ಮತ್ತೆ ಒಡೀತದೆ."

ಅಂದು ಮಧ್ಯಾಹ್ನವೇ ವಿದ್ಯಾಪೀಠದಲ್ಲಿ ಕವಾತು ನಡೆಯಿತು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕವಾತಿನ ಪುಟಗಳಲ್ಲಿರುವ ಅಕ್ಷರಗಳನ್ನು ಉಳಿಸಿ, ಮಿಕ್ಕಿದ್ದನ್ನೆಲ್ಲ ಬದಿಗೆ ಸರಿಸಿದೆ. ಅಳಿಸಲಿಲ್ಲ, ಆ್ಯಪಿನಲ್ಲಿ ಮಲಗಿಸಿ ಇಡುವ ಸೌಲಭ್ಯವಿದೆ. ತಿಮಿಂಗಲ ಹೋಯಿತು, ಪೆಟ್ಟಿಗೆಯ ನಾಲ್ಕೂ ಮೈ ಹೋದವು. ಬೋಳಾದ ಚಪ್ಪರದ ಹಾಗೆ ಪರದೆಯಲ್ಲಿ ಬೆಳಕು ಬಂತು.

ಮರುದಿನದಿಂದ ಬಂದು ನಿಂತವರು ಗುರುತಿನ ಮುಖಗಳೇ: ಕೊಂಬೆ, ಮೊಗ್ಗು, ಉದ್ದ, ಗಿಡ್ಡ, ಬಲ, ಕತ್ತರಿಸು. ಬೆಳಗ್ಗೆ ಕಲಿತದ್ದನ್ನು ತಲೆಯೆತ್ತಿದರೆ ಚಪ್ಪರದಲ್ಲೇ ನೋಡಬಹುದಿತ್ತು. ಕಾಫಿ ಮುಗಿಯುವುದರೊಳಗೆ ಪಾಠವೂ ಮುಗಿಯುತ್ತಿತ್ತು. ಬೇಸರ ಎಲ್ಲಿ ಹೋಯಿತೋ ನಾನು ವಿಚಾರಿಸಲಿಲ್ಲ. ಒಂದು ಅವಮಾನವನ್ನು ಮಾತ್ರ ದಾಖಲಿಸಬೇಕು. ದ್ರಾಕ್ಷಿ ಎಂಬುದಕ್ಕೆ ಜಪಾನಿಯರಲ್ಲಿ ಎರಡು ಭಯಂಕರ ಕಾಂಜಿಗಳಿವೆ. ಅವನ್ನು ಗೆಲ್ಲಲು ನಾನು ಇಡೀ ಒಂದು ಚಳಿಗಾಲ ಸುರಿದಿದ್ದೆ. ಪುಸ್ತಕದಲ್ಲಿ ಎಲ್ಲೂ ಅವು ಇರಲಿಲ್ಲ. ಅಲ್ಲಿನ ರೈತರು ದ್ರಾಕ್ಷಿಯನ್ನು ಮಕ್ಕಳು ಕಲಿಯುವ ಸುಲಭದ ಅಕ್ಷರಗಳಲ್ಲೇ ಬರೆದು ಕೆಲಸ ಮುಗಿಸುತ್ತಾರೆ. ಜಪಾನಿಯರ ಬಗ್ಗೆ ನನ್ನ ಗೌರವ ಅಂದು ಹೆಚ್ಚಿತು.

ಕವಾತಿನ ದಿನ ಬಂತು. ಆಳುಗಳು ದೂರದ ಸಾಲುಗಳಲ್ಲಿ ಕತ್ತರಿ ಆಡಿಸುತ್ತಿದ್ದರು. ನಾನು ಪುಸ್ತಕ ಹಿಡಿದು ಮೋಟಾರು ಕೋಣೆಯ ಪಕ್ಕದ ಸಾಲಿನ ಕೆಳಗೆ ನಿಂತೆ. ಹೆಂಡತಿ ಕತ್ತರಿ ಹಿಡಿದು ಎದುರು ನಿಂತಳು.

"ಓದಿ."

ಬೆರಳಿಟ್ಟು ನಿಧಾನವಾಗಿ ಓದಿದೆ, ಜಪಾನಿಯಲ್ಲಿ ಒಮ್ಮೆ, ನಮ್ಮ ಮಾತಲ್ಲಿ ಒಮ್ಮೆ. ಎಲ್ಲ ಕೊಂಬೆಯನ್ನೂ ಒಂದೇ ಅಳತೆಗೆ ಕತ್ತರಿಸಬೇಡ. ಬಲವಾಗಿ ಬೆಳೆದದ್ದನ್ನು ಉದ್ದ ಬಿಡು, ಬಡಕಲಾದದ್ದನ್ನು ಗಿಡ್ಡ ಕತ್ತರಿಸು.

ಅವಳು ತಲೆಯೆತ್ತಿ ಪಕ್ಕದ ಸಾಲು ನೋಡಿದಳು. ಅಲ್ಲಿ ಆಳುಗಳು ದಾರ ಹಿಡಿದಂತೆ ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿದ್ದರು, ನಮ್ಮಲ್ಲಿ ಎಂದಿನಿಂದಲೂ ಹಾಗೆಯೇ. ಮುದುಕರು ನಕ್ಕದ್ದು ಏಕೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ಅಯ್ಯೋ, ಮಿಲಿಟರಿ ಕ್ರಾಪು ಅಂತ ನಕ್ಕಿದಾನೆ ಅಜ್ಜ" ಎಂದಳು ಅವಳು. ಆಮೇಲೆ ಒಂದು ದಪ್ಪ ಕೊಂಬೆ ಹಿಡಿದು, "ಇದು ಬಲ ತಾನೆ? ಎಷ್ಟು ಕಣ್ಣು ಬುಡಬೇಕಂತೆ, ಸರಿಯಾಗಿ ನೋಡಿ ಹೇಳಿ" ಎಂದಳು. ಮೊಗ್ಗನ್ನು ನಾವು ಕಣ್ಣು ಎನ್ನುತ್ತೇವೆ. ನಾನು ನೋಡಿ ಹೇಳಿದೆ. ಅವಳು ಕತ್ತರಿಸಿದಳು. ಸಾಲು ಮುಗಿಯುವವರೆಗೆ ಹೀಗೆಯೇ. ಒಂದೆರಡು ಕಡೆ ಆಕೆ ಪುಸ್ತಕವನ್ನು ಮೀರಿದಳು, ನಾನು ಜಪಾನಿನ ಪರವಾಗಿ ಪ್ರತಿಭಟಿಸಿದೆ, ಪ್ರತಿಭಟನೆ ತಿರಸ್ಕೃತವಾಯಿತು.

ತಿಂಗಳೊಳಗೆ ಆ ಸಾಲು ಚಿಗುರೊಡೆಯಿತು. ಉದ್ದ ಬಿಟ್ಟ ಕೊಂಬೆಗಳಲ್ಲಿ ಚಿಗುರಿನ ಜೊತೆಗೇ ಪುಟ್ಟ ಹಸಿರು ಗೊಂಚಲುಗಳು ಇಳಿಬಿದ್ದಿದ್ದವು. ಹೆಂಡತಿ ಅವುಗಳ ಕೆಳಗೆ ಆಚೆಯಿಂದ ಈಚೆಗೆ ಒಮ್ಮೆ ನಡೆದು ಬಂದಳು. ಹೊಗಳುವುದು ಆಕೆಯ ಅಭ್ಯಾಸವಲ್ಲ.

"ಮುಂದಿನ ಕವಾತಿಗೆ ಕೆರೆ ಕಡೆ ಸಾಲನ್ನೂ ನೀವೇ ನೋಡ್ಕೊಳ್ಳಿ ಮಾವ" ಎಂದಳು. "ಆ ಬುಕ್ಕಲ್ಲಿ ರೋಗದ ಪುಟ ಯಾವುದು? ಅದನ್ನ ಬೇಗ ಓದಿ. ಮಳೆ ಬರೋ ಮುಂಚೆ ಬೇಕು."

ರೋಗದ ಪುಟದಲ್ಲಿ ಹೊಸ ಅಕ್ಷರಗಳು ಬಹಳ ಇವೆ. ಮಲಗಿಸಿ ಇಟ್ಟವುಗಳಲ್ಲೂ ಕೆಲವು ಅಲ್ಲಿಗೆ ಬೇಕಾಗಿವೆ, ಒಂದೊಂದನ್ನಾಗಿ ಎಬ್ಬಿಸುತ್ತಿದ್ದೇನೆ. ತಿಮಿಂಗಲ ಇನ್ನೂ ಮಲಗಿದೆ. ಅದನ್ನು ಎಬ್ಬಿಸುವ ಆತುರ ನನಗಿಲ್ಲ. ಬೆಳಗಿನ ಕಾಫಿಗೆ ಸದ್ಯ ದ್ರಾಕ್ಷಿಯ ಬೂಷ್ಟು ರೋಗದ ಅಕ್ಷರಗಳೇ ಸಾಕಷ್ಟಿವೆ.