ಈರುಳ್ಳಿ ಸಿಪ್ಪೆಯ ದೀಪ

ಗುಂಡ್ಲುಪೇಟೆಯ ಹೋಟೆಲುಗಳವರು ಎಸೆಯುವ ಈರುಳ್ಳಿ ಸಿಪ್ಪೆಯನ್ನು ನಾನು ಚೀಲ ತುಂಬ ಹೊತ್ತು ತಂದಾಗ ಅತ್ತೆ ಮೂಗು ಮುರಿದರು. "ತಿಪ್ಗೆ ಆಕೋದ್ನ ನಡುಮನೆಗೆ ತಂದಿದ್ದೀಯಲ್ಲಮ್ಮಿ!" ನನಗೂ ರೇಗಿತು. ಇದರಲ್ಲೇ ಬಲ್ಬಿಗೊಂದು ಶೇಡ್ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದೆ.

ನಮ್ಮಜ್ಜಿ ಹಳೆಯ ಕಾಗದ ನೆನೆಸಿ ಬುಟ್ಟಿ ಮಾಡುತ್ತಿದ್ದ ರೀತಿ ನೆನಪಿತ್ತು. ಹಾಗೆಯೇ ಸಿಪ್ಪೆಯನ್ನು ನೆನೆಸಿ, ಅಂಟಿಗೆಂದು ಮೆಂತ್ಯ ಸೇರಿಸಿ ರುಬ್ಬಿ, ಕವುಚಿ ಹಾಕಿದ ಮಡಕೆಯ ಮೇಲೆ ತೆಳ್ಳಗೆ ಮೆತ್ತಿ ಒಣಗಿಸಿ, ಮೆಲ್ಲಗೆ ಬಿಡಿಸಿಕೊಂಡೆ.

ಒಂದು ಸಂಜೆ ಅದರೊಳಗೆ ಹಳೇ ಕಾಲದ, ಬಿಸಿಯಾಗುವ ಬಲ್ಬು ಹಾಕಿದೆ. ಗೋಡೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದವು. ಗೋಪಾಲಸ್ವಾಮಿ ಬೆಟ್ಟದ ಮಂಜಿನೊಳಗೆ ಬಿಸಿಲು ಇಳಿಯುವಾಗ ನಿಂತ ಹಾಗಿತ್ತು; ನನ್ನ ಕೈಬೆರಳುಗಳೂ ನನ್ನವಲ್ಲ ಅನ್ನಿಸಿತು. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ.

ಶೇಡ್ ಬಿಸಿಯೇರಿದಂತೆ ಈರುಳ್ಳಿ, ಮೆಂತ್ಯದ ವಾಸನೆ ಮೆಲ್ಲಗೆ ಎದ್ದು ಮನೆಯೆಲ್ಲ ಹರಡಿತು. ಜಗಲಿಯಲ್ಲಿ ತೂಕಡಿಸುತ್ತಿದ್ದ ಮಾವ ಎದ್ದು, ಕೈ ತೊಳೆದು ಬಂದು ಚಾಪೆಯ ಮೇಲೆ ಕೂತುಬಿಟ್ಟರು.

"ಒಗ್ಗರಣೆ ಗಮ್ಮಂತದೆ, ಇಕ್ಬುಡವ್ವ."

ಒಲೆಯನ್ನೇ ಇನ್ನೂ ಹಚ್ಚಿರಲಿಲ್ಲ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಈಗ ನಮ್ಮ ಮನೆಯಲ್ಲಿ ಊಟಕ್ಕೆ ಯಾರನ್ನೂ ಕೂಗುವುದಿಲ್ಲ. ಸಾರು ಇಳಿಸಿದ ಮೇಲೆ ಅತ್ತೆಯೇ ಹೋಗಿ ಆ ದೀಪ ಹಾಕುತ್ತಾರೆ.