ಮಾವಿನ ಪೊಟರೆಯ ಬಾಣಂತಿ

ಹೊರಟವರು ಮೂವರು. ನಾನು, ನನ್ನ ಹೆಂಡತಿ ಗೌರಮ್ಮ, ಮತ್ತು ಖಲೀಲ. ಶ್ರೀರಂಗಪಟ್ಟಣದಲ್ಲಿ ನನ್ನ ಮರಗೆಲಸದ ಅಂಗಡಿಯ ಎದುರಿಗೇ ಖಲೀಲನ ಅಂಗಡಿ. ನಾನು ಸೋಫಾದ ಚೌಕಟ್ಟು ಮಾಡಿದರೆ ಅವನು ಅದಕ್ಕೆ ಮೆತ್ತೆ ಕೂರಿಸಿ ಬಟ್ಟೆ ಹೊದಿಸುತ್ತಾನೆ. ಅವನ ಬಳಿ ಹಳೆಯದೊಂದು ಓಮ್ನಿ ಇದೆ. ಅದರ ಒಂದು ಬಾಗಿಲನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ. ಗೌರಮ್ಮ ಯಾವಾಗಲೂ ಆ ಬಾಗಿಲ ಪಕ್ಕದಲ್ಲೇ ಕೂರುತ್ತಾಳೆ, ಯಾವಾಗಲೂ ಖಲೀಲನನ್ನು ಬೈಯುತ್ತಾಳೆ.

ಅಂದು ಮೇ ತಿಂಗಳ ಅಮಾವಾಸ್ಯೆ. ನಮ್ಮ ಕುಲದವರು ಅಮಾವಾಸ್ಯೆಯ ದಿನ ಉಳಿ, ಬಾಚಿ ಮುಟ್ಟುವುದಿಲ್ಲ. ನನ್ನ ಅಂಗಡಿ ಮುಚ್ಚಿದರೆ ಖಲೀಲನದೂ ಅರ್ಧ ಮುಚ್ಚಿದಂತೆ. ಹೀಗಾಗಿ ಬೇಸಿಗೆಯ ಅಮಾವಾಸ್ಯೆಗಳಲ್ಲಿ ಹಕ್ಕಿ ನೋಡಲು ಹೋಗುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಈ ಸಲ ಹೋಗಬೇಕಾದ ಜಾಗವನ್ನು ಗೌರಮ್ಮನೇ ಗೊತ್ತುಮಾಡಿದ್ದಳು. ಅವಳ ತವರು ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಹೋಗುವ ರಸ್ತೆಯ ಒಂದು ಸಣ್ಣ ಊರು. ಅಲ್ಲಿ ರಸ್ತೆ ಬದಿಯ ಹಳೆಯ ಮಾವಿನ ಮರದ ಪೊಟರೆಯಲ್ಲಿ ಬೂದು ಮಂಗಟ್ಟೆ ಗೂಡು ಕಟ್ಟಿದೆ ಎಂದು ಅವಳ ತಮ್ಮ ಶಂಕರ ಫೋನಿನಲ್ಲಿ ಹೇಳಿದ್ದ.

ಮಂಗಟ್ಟೆಯ ಸಂಸಾರ ನೋಡದವರಿಗೆ ಒಂದು ಮಾತು ಹೇಳಬೇಕು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಸೇರಿಕೊಂಡು, ತನ್ನ ಹಿಕ್ಕೆಯನ್ನೇ ಗಾರೆಯಂತೆ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತಾಗಲೇ ಅದರ ರೆಕ್ಕೆಯ ಗರಿಗಳು ಉದುರಿ ಹೊಸವು ಬರುವುದರಿಂದ ಅಷ್ಟು ದಿನ ಅದು ಹಾರಲಾರದು. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಗೌರಮ್ಮ ಚಿಕ್ಕವಳಾಗಿದ್ದಾಗ ಅವಳ ಅಜ್ಜಿ ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ಇಂಥ ಗೂಡು ತೋರಿಸಿ, "ಸದ್ದು ಮಾಡ್ಬ್ಯಾಡ, ಒಳಗೆ ಬಾಣಂತಿ ಅವ್ಳೆ" ಅಂದಿದ್ದಳಂತೆ. ಆಮೇಲೆ ಗೌರಮ್ಮ ಮತ್ತೆಂದೂ ಆ ಹಕ್ಕಿಯ ಗೂಡು ನೋಡಿರಲಿಲ್ಲ.

"ಅಮಾಸೆ ದಿನ ಹೊರಟಿದ್ದೀವಿ, ಏನು ಕಾದಿದೆಯೋ" ಎಂದು ಗೊಣಗುತ್ತಲೇ ಚಿತ್ರಾನ್ನದ ಡಬ್ಬಿ, ಮಜ್ಜಿಗೆಯ ಬಾಟಲಿ ಹಿಡಿದು ಗಾಡಿ ಹತ್ತಿದಳು. ಸಾವಿರ ರೂಪಾಯಿಗೆ ಪೆಟ್ರೋಲು ಹಾಕಿಸಿ, ಇನ್ನೂ ನಸುಕಿರುವಾಗಲೇ ಪಟ್ಟಣ ಬಿಟ್ಟೆವು.

ಮೊದಲು ನಿಂತದ್ದು ಪಾಲಹಳ್ಳಿಯ ಕಡೆ, ಹೊಳೆಗೆ ಹತ್ತಿರದ ಒಂದು ಬೀಳು ಗದ್ದೆಯಲ್ಲಿ. ಬೇಸಿಗೆಯಲ್ಲಿ ನೀಲಿಬಾಲದ ಕಳ್ಳಿಪೀರ ಹಕ್ಕಿಗಳು ಅಲ್ಲಿಯ ಮೆದುಮಣ್ಣಿನಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಬಾಯಲ್ಲಿ ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡು ಬಂದು ಬಾಣದಂತೆ ಬಿಲದೊಳಗೆ ನುಗ್ಗುವುದನ್ನು ನೋಡುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯದು. ಅಂದು ಒಂದು ಹಕ್ಕಿ ಮಾತ್ರ ನುಗ್ಗದೆ ಬಿಲದ ಮುಂದೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಿತ್ತು. ಹಿಂದಕ್ಕೆ ಹೋಗುವುದು, ಮತ್ತೆ ಬರುವುದು. ನೋಡಿದರೆ ಬಿಲದ ಬಾಯಿಗೆ ಒಂದು ಮಣ್ಣಿನ ಹೆಂಟೆ. ಆಚೆ ಎಲೆಚಿತ್ರದ ಅಂಗಿ ತೊಟ್ಟು, ಮೊಳದುದ್ದದ ಕ್ಯಾಮರಾ ಹಿಡಿದ ನಾಲ್ವರು ಮಲಗಿದ್ದರು.

"ಆ ಹೆಂಟೆ ಇಟ್ಟದ್ದು ಯಾರಪ್ಪ?" ಎಂದೆ.

"ಎರಡೇ ನಿಮಿಷ ಅಂಕಲ್. ಹಕ್ಕಿ ಹೀಗೆ ನಿಂತ್ರೆ ರೆಕ್ಕೆ ಪೂರ್ತಿ ಬಿಚ್ಚುತ್ತೆ, ಫೋಟೋ ಚೆನ್ನಾಗಿ ಬರುತ್ತೆ."

ನನ್ನ ಮೈ ಉರಿದುಹೋಯಿತು. ನಾನು ಬಾಯಿ ತೆರೆಯುವುದರೊಳಗೆ ಖಲೀಲ ನಡೆದುಹೋಗಿ ಹೆಂಟೆಯನ್ನು ಕಿತ್ತೆಸೆದ. "ನಿನ್ ಮನೆ ಬಾಗ್ಲಿಗೆ ಬೀಗ ಜಡೀತೀನಿ ಬಾ ಬೇಟಾ. ನಿನ್ ಅಮ್ಮಿ ಬಿಸಿ ಬಿಸಿ ಊಟದ ತಟ್ಟೆ ಹಿಡ್ಕಂಡು ಆಚೆ ನಿಂತ್ಕಳ್ಲಿ. ಮೊಬೈಲಲ್ಲಿ ಫೋಟೋ ಎಷ್ಟು ಚೆನ್ನಾಗ್ ಬತ್ತದೆ ನೋಡು!" ಅಂದ. ಅವರಲ್ಲೊಬ್ಬ ನಕ್ಕ. ನಗಲು ಮಾನ ಬೇಡವೇ? ಅವರ ಬಗ್ಗೆ ಹೇಳಲು ನನ್ನಲ್ಲಿ ಇನ್ನೂ ಮಾತುಗಳಿವೆ, ಅಚ್ಚಿಗೆ ಯೋಗ್ಯವಲ್ಲ.

ಪಾಂಡವಪುರದಲ್ಲಿ ಸೆಟ್ ದೋಸೆ ತಿಂದು ತೊಣ್ಣೂರು ಕೆರೆಗೆ ಹೋದೆವು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಕೆರೆಯ ನೀರು ಮಾತ್ರ ಎಂದಿನಂತೆ ತಳದ ಕಲ್ಲು ಕಾಣುವಷ್ಟು ತಿಳಿ. ಬಂಡೆಯೊಂದರ ಮೇಲೆ ನೀರುಕಾಗೆಗಳು ರೆಕ್ಕೆ ಹರವಿಕೊಂಡು ಒಣಗಿಸುತ್ತಿದ್ದವು. ನಾವು ಕೂತು ಉಸಿರು ಬಿಡುವುದರೊಳಗೆ ಒಂದು ಕಾರು ಬಂತು. ಅದರ ಡಿಕ್ಕಿ ತೆಗೆದರೆ ಒಳಗೆ ಬೀರುವಿನಷ್ಟು ದೊಡ್ಡ ಸ್ಪೀಕರ್. ಮೊದಲ ಹಾಡಿಗೇ ನೀರುಕಾಗೆಗಳೆಲ್ಲ ಎದ್ದುಹೋದವು. ದಡದಲ್ಲಿ ಪ್ಲಾಸ್ಟಿಕ್ ಲೋಟಗಳು, ಒಡೆದ ಬಾಟಲಿಗಳು. ಬಾಟಲಿಯನ್ನು ಕುಡಿದು ಎಸೆಯುವುದು ಒಂದು ಕೇಡಾದರೆ, ಒಡೆದು ಎಸೆಯುವುದು ಇನ್ನೊಂದು. ಅದಕ್ಕೆ ಬೇರೆ ಶ್ರಮ ಬೇಕು. ಅಷ್ಟು ಶ್ರಮಪಟ್ಟು ಕೇಡು ಬಗೆಯುವಂತೆ ಆ ಕೆರೆ ಇವರಿಗೆ ಏನು ಮಾಡಿತ್ತು?

ಚಿನಕುರಳಿಯ ಕಡೆ ಕಲ್ಲಿನ ಲಾರಿಗಳ ಧೂಳು. ರಸ್ತೆಬದಿಯ ಹೊಂಗೆ, ಬೇವು ಎಲ್ಲ ಒಂದೇ ಬಣ್ಣ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ. ಗೌಜಲಕ್ಕಿಯ ಜೋಡಿಯೊಂದು ರಸ್ತೆ ದಾಟಲು ಹವಣಿಸಿ, ಲಾರಿಯ ಹಿಂದೆ ಲಾರಿ ಬಂದದ್ದರಿಂದ ಮೂರು ಸಲ ಬೇಲಿಗೆ ಹಿಂದಿರುಗಿತು. ಖಲೀಲ ಗಾಡಿಯನ್ನು ಅಡ್ಡ ನಿಲ್ಲಿಸಿದ. ಹಿಂದಿನ ಲಾರಿಯವನು ಹಾರನ್ ಒತ್ತಿ ಹಿಡಿದ. "ಬಡ್ಕೋ, ಬಡ್ಕೋ, ನಿಮ್ಮಪ್ಪಂದೇ ರೋಡು" ಎಂದು ಖಲೀಲ ಕನ್ನಡಿಯಲ್ಲಿ ನೋಡುತ್ತ ಹೇಳಿದ. ಹಕ್ಕಿಗಳು ಓಡುತ್ತಲೇ ದಾಟಿದವು. ಅಂದಿನ ಪ್ರವಾಸದಲ್ಲಿ ಅಲ್ಲಿಯವರೆಗೆ ಮನಸ್ಸಿಗೆ ಹಿತವಾದದ್ದು ಅದೊಂದೇ.

ಕೆ.ಆರ್. ಪೇಟೆಯಲ್ಲಿ ನಾನೂ ಖಲೀಲನೂ ಮುದ್ದೆ, ಉಪ್ಸಾರು ಉಂಡೆವು. ಗೌರಮ್ಮ ಗಾಡಿಯಲ್ಲೇ ಕೂತು ಚಿತ್ರಾನ್ನ ತಿಂದಳು. ನಾಗಮಂಗಲದ ರಸ್ತೆ ಹಿಡಿದು ಅವಳ ತವರು ಸಮೀಪಿಸಿದಾಗ ಮೊದಲು ಸದ್ದು ಕೇಳಿತು. ಮರ ಕೊಯ್ಯುವ ಮಿಷನ್ನಿನ ಸದ್ದು ನನಗೆ ಹೊಸದಲ್ಲ, ಅದರಿಂದಲೇ ನನ್ನ ಅನ್ನ. ಆದರೆ ಮೇ ತಿಂಗಳಲ್ಲಿ, ಸಾಲುಮರಗಳ ರಸ್ತೆಯಲ್ಲಿ ಅದನ್ನು ಕೇಳಿ, ಗಾಡಿ ಬೇಗ ಓಡಿಸು ಎಂದು ಖಲೀಲನಿಗೆ ಹೇಳಿದೆ.

ರಸ್ತೆ ಅಗಲ ಮಾಡುತ್ತಿದ್ದರು. ಎಡಗಡೆಯ ಸಾಲಿನಲ್ಲಿ ಉಳಿದಿದ್ದು ಬರೀ ಬೊಡ್ಡೆಗಳು. ಬಲಗಡೆ ಇನ್ನೂ ನಿಂತ ಮರಗಳಿಗೆಲ್ಲ ಬಿಳಿ ಬಣ್ಣ ಬಳಿದು ಕೆಂಪಿನಲ್ಲಿ ನಂಬರು ಬರೆದಿತ್ತು. ಶಂಕರ ಹೇಳಿದ್ದ ಮಾವಿನ ಮರಕ್ಕೂ ನಂಬರಿತ್ತು. ಮೈತುಂಬ ಕಾಯಿ ಹೊತ್ತ ಮರ. ಕೆಳಗೆ ಇಬ್ಬರು ಮಿಷನ್ನು ಹಿಡಿದು ನಿಂತಿದ್ದರು. ಮೇಲೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಒಬ್ಬ ಪೊಟರೆಯ ಬಾಯಿಗೆ ಮಚ್ಚಿನ ಹಿಂಬದಿಯಿಂದ ಕುಟ್ಟುತ್ತಿದ್ದ.

ಗೌರಮ್ಮ ಆ ತೆರೆಯದ ಬಾಗಿಲನ್ನು ಹೇಗೆ ತೆರೆದಳೋ ಇಂದಿಗೂ ಗೊತ್ತಿಲ್ಲ. ಗಾಡಿ ನಿಲ್ಲುವ ಮೊದಲೇ ಕೆಳಗಿದ್ದಳು.

"ಏಯ್! ಇಳೀಲಾ ಕೆಳಕ್ಕೆ! ಏನ್ಲಾ ಮಾಡ್ತಿದ್ದೀಯೆ ಅಲ್ಲಿ?"

"ವಸಿ ತಡೀರವ್ವ," ಎಂದ ಮೇಲಿನವನು. "ಯಾವನೋ ಪಾಪಿ ಅಕ್ಕಿಯ ಒಳಗಡೆ ಕೂಡಾಕಿ ಮಣ್ಣು ಮೆತ್ಬುಟ್ಟವ್ನೆ. ಜೀವ ಅದೆ ಇನ್ನೂವೆ, ಮೂತಿ ಕಾಣ್ತದೆ. ಮರ ಬೀಳೋಕ್ ಮುಂಚೆ ಬುಡಿಸ್ಬುಡ್ತೀನಿ."

"ಬುಡಿಸ್ಬ್ಯಾಡ! ಅದು ಬಾಣಂತಿ ಕಣಪ್ಪಾ!"

ಮಚ್ಚು ನಿಂತಿತು. ಕೆಳಗಿನವರು ಮಿಷನ್ನು ಆರಿಸಿದರು. "ಬಾಣಂತೀನಾ?" ಎಂದು ಮೇಲಿನವನು ಪೊಟರೆಯೊಳಗೆ ಇಣುಕಿದ. ಆಮೇಲೆ, ಯಾರದೋ ಮನೆಯ ಕೋಣೆಗೆ ತಿಳಿಯದೆ ಕಾಲಿಟ್ಟವನಂತೆ ಮುಖ ತಿರುಗಿಸಿಕೊಂಡು ಇಳಿದುಬಂದ.

ಅವನ ಹೆಸರು ಚೆಲುವಯ್ಯ, ಮರ ಕಡಿಯುವ ತಂಡದ ಮೇಸ್ತ್ರಿ. ಗೌರಮ್ಮ ಮಂಗಟ್ಟೆಯ ಬಾಣಂತನವನ್ನೆಲ್ಲ ಬಿಡಿಸಿ ಹೇಳಿದಳು. ಅವನು ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ನಾನು ಮಾಟ ಅಂದ್ಕಂಡೆ ಕಣವ್ವ. ಅಮಾಸೆ ಬೇರೆ. ಅಕ್ಕಿಯ ಮರದಲ್ಲಿ ಊತಿಕ್ಕಿ ಯಾರಿಗೋ ಕೇಡು ಬಗೆದವ್ರೆ, ಬುಟ್ರೆ ಪುಣ್ಯ ಬತ್ತದೆ ಅಂತ ಮರ ಅತ್ತಿದೆ" ಎಂದ.

ಅವನ ಮೇಲೆ ಕೈಯೆತ್ತುವಷ್ಟು ಸಿಟ್ಟಿನಲ್ಲಿ ಓಡಿ ಬಂದಿದ್ದ ನಾನು ತಲೆ ಎತ್ತಿ ಪೊಟರೆಯ ಕಡೆ ನೋಡಿದೆ. ಪುಣ್ಯಕ್ಕೆಂದು ಅವನು ಕುಟ್ಟಿದ್ದರಲ್ಲಿ ಗಾರೆಯ ಅಂಗೈಯಗಲದ ಚೂರು ಉದುರಿಹೋಗಿತ್ತು. ಇನ್ನು ಗಂಡು ಬರುತ್ತದೋ ಇಲ್ಲವೋ. ಬರದೆ ಹೋದರೆ ಒಳಗಿನ ಜೀವಗಳು ಉಪವಾಸ ಸಾಯುತ್ತವೆ. ಎಲ್ಲರೂ ರಸ್ತೆಯ ಆಚೆ ಬದಿಗೆ ಹೋಗಿ ಬೊಡ್ಡೆಗಳ ಮೇಲೆ ಕೂತೆವು. ಗೌರಮ್ಮ ಮಜ್ಜಿಗೆ ಹಂಚಿದಳು.

ಗಂಡಿಗಿಂತ ಮೊದಲು ಬಂದವನು ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್. ಬೈಕಿನಿಂದ ಇಳಿಯದೆಯೇ, "ಯಾಕ್ಲಾ ಚೆಲುವ, ಮಿಷನ್ ಯಾಕೆ ನಿಂತದೆ?" ಎಂದ. ವಿಷಯ ತಿಳಿದ ಮೇಲೆ ನನ್ನ ಕಡೆ ತಿರುಗಿ, "ಒಂದು ಹಕ್ಕಿಗೋಸ್ಕರ ರಸ್ತೆ ನಿಲ್ಲಿಸಕ್ಕಾಗುತ್ತಾ ಯಜಮಾನ್ರೇ? ಕಡಿಯಕ್ಕೆ ಪರ್ಮಿಷನ್ ಇದೆ" ಎಂದ.

ಬೆಳಗಿನಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಉಕ್ಕಿತು. "ರಸ್ತೆ ನಿಲ್ಲಿಸು ಅಂತ ಯಾರು ಅಂದರು? ಈ ಒಂದು ಮರಾನ ಮಳೆ ಬಿದ್ದ ಮೇಲೆ ಕಡಿ ಅಂತಿದ್ದೀನಿ. ನಂಬರು ಬರೆದವರಿಗೆ ಕುತ್ತಿಗೆ ಇರಲಿಲ್ವ? ತಲೆ ಎತ್ತಿದ್ದರೆ ಗೂಡು ಕಾಣ್ತಿರಲಿಲ್ವ? ನಾನೂ ಮರ ಕೊಯ್ದು ತಿನ್ನೋನು ಕಣಯ್ಯಾ. ನಮ್ಮ ತಾತ ಪೊಟರೆ ಇರೋ ಮರಕ್ಕೆ ಮೊದಲು ಕೊಡಲಿಯ ಹಿಂಬದಿಯಿಂದ ಬಡಿದು ಕಿವಿಗೊಡೋರು. ಒಳಗೆ ಅಲುಗಾಡಿದರೆ ಹತ್ಯಾರ ಎತ್ತಿಕೊಂಡು ಮನೆಗೆ ಬರೋರು. ಅವರು ಮಾಡಿದ ತೊಟ್ಟಿಲು ಬಾಗಿಲು ಯಾವುದೂ ಅದರಿಂದ ತಡವಾಗಲಿಲ್ಲ!"

ಅದು ಪೂರ್ತಿ ನಿಜವಲ್ಲ. ತಾತನ ಕೆಲಸ ಯಾವಾಗಲೂ ತಡವೇ. ಸಿಟ್ಟಿನಲ್ಲಿ ಅಷ್ಟು ನೋಡಲಾಗುತ್ತದೆಯೇ?

ಸೂಪರ್‌ವೈಸರ್ ಮೇಸ್ತ್ರಿಯ ಕಡೆ ತಿರುಗಿದ. "ಚೆಲುವ, ಸಂಜೆ ಒಳಗೆ ಈ ಸಾಲು ಕ್ಲಿಯರ್ ಆಗ್ಬೇಕು."

ಚೆಲುವಯ್ಯ ಕೂತಲ್ಲಿಂದ ಏಳಲಿಲ್ಲ. "ಮಿಕ್ಕ ಮರ ಕುಯ್ತೀನಿ ಸಾ. ಇದನ್ನ ಮುಟ್ಟಕಿಲ್ಲ."

"ಕೂಲಿ ಹಿಡೀತೀನಿ."

"ಇಡ್ಕಳಿ. ನನ್ ಮಗ್ಳು ಬಾಣಂತನಕ್ ಬಂದವ್ಳೆ ಮನೇಲಿ. ಇದ ಬೀಳಿಸ್ಬುಟ್ಟು ಯಾವ ಮಕ ಒತ್ಕಂಡು ಅವ್ಳ ಮುಂದೆ ಓಗಿ ನಿಂತ್ಕಳ್ಲಿ?"

"ನೀನಿಲ್ಲದಿದ್ರೆ ಬೇರೆಯವ್ನು ಬರ್ತಾನೆ."

"ಬರ್ಲಿ ಬುಡಿ. ನನ್ ಕೈಲಂತೂ ಆಗಕಿಲ್ಲ."

ಅಷ್ಟರಲ್ಲಿ ಗೌರಮ್ಮ "ಶ್!" ಎಂದಳು. ದೂರದ ಗೋಣಿಮರದ ಕಡೆಯಿಂದ ಬೂದುಬಣ್ಣದ ಹಕ್ಕಿಯೊಂದು ಏಳುತ್ತ ಬೀಳುತ್ತ ಹಾರಿ ಬಂದು ಮಾವಿನ ತುದಿಯಲ್ಲಿ ಕೂತಿತು. ಉದ್ದನೆಯ ಬಾಗಿದ ಕೊಕ್ಕು, ಉದ್ದ ಬಾಲ. ನಮ್ಮನ್ನು ಒಂದು ಕಣ್ಣಿನಿಂದ ನೋಡಿತು, ಇನ್ನೊಂದು ಕಣ್ಣಿನಿಂದ ನೋಡಿತು. ಬೈಕಿನವನೂ ಇಂಜಿನ್ನು ಆರಿಸಿದ. ಹಕ್ಕಿ ಕೊಂಬೆಯಿಂದ ಕೊಂಬೆಗೆ ಇಳಿದು ಪೊಟರೆಯ ಪಕ್ಕದ ತೊಗಟೆಗೆ ಆತುಕೊಂಡಿತು. ಮುರಿದ ಗಾರೆಯನ್ನು ಕಂಡು ಹಿಂದಕ್ಕೆ ಜಿಗಿಯಿತು. ಗೌರಮ್ಮ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಮತ್ತೆ ಬಂತು. ಗಂಟಲಿನಿಂದ ಒಂದು ಗೋಣಿಹಣ್ಣನ್ನು ಮೇಲಕ್ಕೆ ತಂದು ಕೊಕ್ಕಿನ ತುದಿಯಲ್ಲಿ ಹಿಡಿದು ಒಳಗೆ ಚಾಚಿತು. ಒಳಗಿನಿಂದ ಇನ್ನೊಂದು ಕೊಕ್ಕು ಬಂದು ತೆಗೆದುಕೊಂಡಿತು. ಆಮೇಲೆ ಇನ್ನೊಂದು ಹಣ್ಣು, ಮತ್ತೊಂದು.

"ನೋಡ್ಕಳಿ," ಎಂದು ಗೌರಮ್ಮ ಪಿಸುಗುಟ್ಟಿದಳು, "ನನ್ ಬಾಣಂತನದಲ್ಲಿ ನೀವೊಂದ್ ದಿನ ಒಂದ್ ಬಾಳೆಹಣ್ ತಂದಿದ್ರಾ?"

"ಭಾಬಿ, ಆಚಾರಿ ತರ್ತಿದ್ದ. ದಾರೀಲಿ ನಮ್ ಅಂಗ್ಡೀಲಿ ಕೂತು ಅವ್ನೇ ತಿಂತಿದ್ದ" ಎಂದ ಖಲೀಲ. ಚೆಲುವಯ್ಯ ಟವೆಲನ್ನು ಬಾಯಿಗೆ ಒತ್ತಿಕೊಂಡು ನಕ್ಕ. ಸೂಪರ್‌ವೈಸರ್ ನಗಲಿಲ್ಲ. "ಮೇಲಿನವರಿಗೆ ಕೇಳ್ತೀನಿ" ಎಂದು ಬೈಕು ತಿರುಗಿಸಿಕೊಂಡು ಹೋದ.

ನಾವು ಹೊರಡುವಾಗ ಚೆಲುವಯ್ಯನ ತಂಡ ಮಾವಿನಿಂದ ದೂರದ ಬೇವಿಗೆ ಹಗ್ಗ ಕಟ್ಟುತ್ತಿತ್ತು. ನಾಗಮಂಗಲದಲ್ಲಿ ಶಂಕರನ ವೆಲ್ಡಿಂಗ್ ಅಂಗಡಿಗೆ ಹೋಗಿ, ದಿನವೂ ಊರಿನಿಂದ ಅಂಗಡಿಗೆ ಓಡಾಡುವಾಗ ಆ ಮರ ನೋಡಬೇಕೆಂದು ಗೌರಮ್ಮ ಅವನಿಂದ ಆಣೆ ಮಾಡಿಸಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಪಟ್ಟಣ ಸೇರಿದೆವು. ದಾರಿಯುದ್ದಕ್ಕೂ ನಾನು ಬೈಯುತ್ತಲೇ ಇದ್ದೆನಂತೆ. ರಸ್ತೆ ಬೇಡವೆಂದಲ್ಲ, ಆ ಓಮ್ನಿಯಲ್ಲಿ ಕೂತವರಿಗೆ ರಸ್ತೆಯ ಬೆಲೆ ಗೊತ್ತು. ಆದರೆ ವರ್ಷದಲ್ಲಿ ಅಷ್ಟೊಂದು ತಿಂಗಳುಗಳಿರುವಾಗ, ಗೂಡು ಕಟ್ಟುವ ಕಾಲವನ್ನೇ ಹುಡುಕಿಕೊಂಡು ಬಂದು ಗರಗಸ ಇಡುವ ಅವಸರ ಯಾರದು? ಇದನ್ನು ಯಾರನ್ನು ಕೇಳಬೇಕೆಂಬುದೂ ನನಗೆ ತಿಳಿಯದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ, ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಶಂಕರ ಫೋನು ಮಾಡಿದ. ಮೇಲಿನವರು ಏನಂದರೋ ಗೊತ್ತಿಲ್ಲ, ಆ ಮರವನ್ನು ಇನ್ನೂ ಯಾರೂ ಮುಟ್ಟಿಲ್ಲ, ಪೊಟರೆಯ ಬಾಯಿ ಪೂರ್ತಿ ತೆರೆದಿದೆ, ಎರಡು ಮರಿಗಳು ತಾಯಿತಂದೆಯ ಜೊತೆ ಗೋಣಿಮರದಲ್ಲಿ ಕೂತಿವೆ ಎಂದ. ಗೌರಮ್ಮ ಒಬ್ಬಟ್ಟು ಮಾಡಿ ಖಲೀಲನ ಮನೆಗೂ ಕಳಿಸಿದಳು. ಬುಧವಾರ ಬೇರೊಂದು ತಂಡ ಬಂದು ಮಾವಿನ ಮರವನ್ನು ಕಡಿಯಿತು. ಚೆಲುವಯ್ಯನನ್ನು ಆ ರಸ್ತೆಯ ಕೆಲಸಕ್ಕೆ ಮತ್ತೆ ಕರೆಯಲಿಲ್ಲ.