ಎರಡು ಊರಿಗೆ ಒಂದೇ ಗುಂಡಿ

ಒಂದು ಖಾಸಗಿ ಆಸ್ಪತ್ರೆ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಚಳ್ಳಕೆರೆಯಲ್ಲಿ ಅವರದು ದೊಡ್ಡ ಆಸ್ಪತ್ರೆ, ಮೊಳಕಾಲ್ಮುರಿನಲ್ಲಿ ಚಿಕ್ಕದು. ಎರಡೂ ಕಡೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಸ್ವಿಚ್ ಎಂಬ ಪೆಟ್ಟಿಗೆಗಳಿವೆ. ಒಂದರಲ್ಲಿ ಸೆಟ್ಟಿಂಗ್ ಬದಲಿಸಿದರೆ ಉಳಿದವೆಲ್ಲ ತಾವಾಗಿಯೇ ಅದನ್ನು ಎತ್ತಿಕೊಳ್ಳುತ್ತವೆ. ತಪ್ಪಾಗಿ ಬದಲಿಸಿದರೆ ಆ ತಪ್ಪೂ ಹಾಗೇ ಹರಡುತ್ತದೆ. ಅದಕ್ಕೇ ನಾನು ಅವನ್ನು ಎರಡು ಗುಂಪು ಮಾಡಿಟ್ಟಿದ್ದೆ. ಚಳ್ಳಕೆರೆಯಲ್ಲಿ ಮಾಡಿದ್ದು ಚಳ್ಳಕೆರೆ ದಾಟುತ್ತಿರಲಿಲ್ಲ.

ನಮ್ಮ ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. ಒಂದು ದಿನ ಸಂಸ್ಥೆಯ ಮಾಲೀಕರು ಚಳ್ಳಕೆರೆಗೆ ಬರುವವರಿದ್ದರು. ದೊಡ್ಡ ಪರದೆಯ ಮುಂದೆ ಅವರನ್ನು ಕೂರಿಸಿ, ಒಂದೇ ಗುಂಡಿ ಒತ್ತಿ ಎರಡೂ ಊರಿನ ನೆಟ್‌ವರ್ಕ್ ಬದಲಿಸಿ ತೋರಿಸಬೇಕೆಂದು ಮ್ಯಾನೇಜರ ಆಸೆ.

"ಗುಂಪು ಗಿಂಪು ತೆಗೆದುಹಾಕು. ಎರಡೆರಡು ಸಲ ಒತ್ತಿದ್ರೆ ನೋಡೋಕೆ ಚೆಂದ ಇರಲ್ಲ."

"ಸರ್, ಮೊಳಕಾಲ್ಮುರಿನ ಸ್ವಿಚ್ ಹಳೇವು. ಇಲ್ಲಿನ ಸೆಟ್ಟಿಂಗ್ ಅಲ್ಲಿಗೆ ಹೋದ್ರೆ ಎಲ್ಲಾ ನಿಂತೋಗ್ತವೆ."

"ಒಳ್ಳೆ ದಿನ ಅಪಶಕುನ ನುಡೀಬೇಡ" ಎಂದವರೇ, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತು ಗುಂಪುಗಳನ್ನು ಅಳಿಸಿದರು.

ಮಾಲೀಕರು ಬಂದರು. ಮ್ಯಾನೇಜರ್ ಗುಂಡಿ ಒತ್ತಿದರು. ಚಪ್ಪಾಳೆ ಬಿತ್ತು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಮೊಳಕಾಲ್ಮುರಿನಿಂದ ನರ್ಸ್ ಫೋನ್ ಮಾಡಿದಳು.

"ಅಕ್ಕಾ, ಲ್ಯಾಬ್ ರಿಪೋರ್ಟ್ ಡಾಕ್ಟರ್ ಕಂಪ್ಯೂಟರಿಗೆ ಬರ್ತಾ ಇಲ್ಲ. ಇಲ್ಲೊಬ್ಬ ಅಜ್ಜಿ ಐತೆ, ಸಕ್ಕರೆ ಕಾಯಿಲೆ. ರಕ್ತ ಕೊಟ್ಟು ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿ ಕುಂತೈತೆ. ಡಾಕ್ಟರ್ ನೋಡೋಗಂಟ ಏನೂ ಕೊಡಬಾರ್ದು ಅಂದವ್ರೆ. ಕೈ ನಡುಗ್ತಾ ಐತಕ್ಕಾ."

ಊಟದ ಹಾಲ್‌ಗೆ ಓಡಿ ಮ್ಯಾನೇಜರ ಕಿವಿಯಲ್ಲಿ ವಿಷಯ ಹೇಳಿದೆ. ಅವರ ಬಾಯಿ ತುಂಬ ಹೋಳಿಗೆ.

"ಮಾಲೀಕರ ಊಟ ಆಗ್ಲಿ. ಈಗ ವಾಪಸ್ ತಿರುಗಿಸಿದ್ರೆ ನನ್ನ ಮಾನ ಹೋಗುತ್ತೆ. ರಸ್ತೆ ಅಗೆಯೋರು ಕೇಬಲ್ ಕಟ್ ಮಾಡವ್ರೆ ಅಂತ ಅಲ್ಲಿಯೋರಿಗೆ ಹೇಳು."

ಅಷ್ಟು ಹೇಳಿ ಬೆರಳಿಗೆ ಅಂಟಿದ ತುಪ್ಪ ನೆಕ್ಕಿದರು. ಅಜ್ಜಿ ಹೇಗಿದ್ದಾಳೆ ಎಂದು ಕೇಳಲೂ ಇಲ್ಲ.

ಹೊರಗೆ ಬಂದು ನೇರವಾಗಿ ಅಲ್ಲಿನ ಡಾಕ್ಟರಿಗೇ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಎದ್ದು ಲ್ಯಾಬಿಗೆ ಹೋಗಿ ರಿಪೋರ್ಟ್ ಕಣ್ಣಾರೆ ನೋಡಿ, ಅಜ್ಜಿಗೆ ತಿನ್ನಲು ಕೊಡಿ ಎಂದರು. ಆದರೆ ನೆಟ್‌ವರ್ಕೇ ನಿಂತಿದ್ದರಿಂದ ಅಲ್ಲಿನ ಸ್ವಿಚ್ಚುಗಳನ್ನು ಇಲ್ಲಿಂದ ಸರಿಮಾಡಲು ಆಗುತ್ತಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಮೊಳಕಾಲ್ಮುರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮ್ಯಾನೇಜರ ಫೋನ್ ಬರುತ್ತಲೇ ಇತ್ತು, ನಾನು ಎತ್ತಲಿಲ್ಲ.

ಹಳೆಯ ಸೆಟ್ಟಿಂಗ್ ಹಾಕಿ, ಗುಂಪುಗಳನ್ನು ಮತ್ತೆ ಕಟ್ಟಿ ಹೊರಬಂದಾಗ ಅಜ್ಜಿ ಬೆಂಚಿನ ಮೇಲಿದ್ದಳು. ಇಡ್ಲಿ ತಿಂದು ಸ್ವಲ್ಪ ಸುಧಾರಿಸಿಕೊಂಡಿದ್ದಳು. ಆಂಧ್ರದ ಗಡಿಯ ಹಳ್ಳಿಯವಳು. ರಿಪೇರಿಗೆ ಬಂದವಳು ನಾನೇ ಎಂದು ನರ್ಸ್ ಹೇಳಿದಾಗ ನನ್ನ ಕೈ ಹಿಡಿದುಕೊಂಡಳು.

"ಕೇಬಲ್ ಕಟ್ ಆಯ್ತಂತೆ ಕದಮ್ಮಾ? ಪಾಪ, ಮಣ್ಣಾಗೆ ಎಲ್ಲೀ ಅಂತ ಹುಡುಕ್ತೀಯ?"

ಮ್ಯಾನೇಜರ್ ತಾವೇ ಫೋನ್ ಮಾಡಿ ಹೇಳಿದ ಸುಳ್ಳು ನನಗಿಂತ ಮೊದಲೇ ಆಸ್ಪತ್ರೆ ತಲುಪಿತ್ತು. ಆ ಸುಳ್ಳನ್ನು ನಂಬಿ, ಹಸಿದು ಕೂತಿದ್ದವಳು ನನಗೇ ಮರುಗುತ್ತಿದ್ದಳು.

"ಕೇಬಲ್ ಅಲ್ಲವ್ವಾ, ನಮ್ಮೋರೇ ಕೆಡಿಸಿದ್ದು."

"ಯಾಕಮ್ಮಾ?"

"ದೊಡ್ಡೋರ ಮುಂದೆ ಶೋಕಿ ಮಾಡೋಕೆ."

ಅಜ್ಜಿ ಪಕ್ಕಕ್ಕೆ ತಿರುಗಿ, "ಥೂ" ಅಂದಳು.

ಮುಂದಿನ ಮೀಟಿಂಗಿನಲ್ಲಿ ಮ್ಯಾನೇಜರ್ ಪರದೆಯ ಮೇಲೆ ಎರಡು ಊರನ್ನು ಎರಡು ಬಣ್ಣದಲ್ಲಿ ತೋರಿಸಿದರು. ಒಂದು ಊರಿನ ತೊಂದರೆ ಇನ್ನೊಂದಕ್ಕೆ ತಗುಲದ ಹಾಗೆ ಸ್ವಿಚ್ಚುಗಳನ್ನು ಗುಂಪು ಮಾಡುವುದು ತಮ್ಮ ಹೊಸ ಯೋಜನೆ ಎಂದರು. ಮಾಲೀಕರು ಎದ್ದುಬಂದು ಅವರಿಗೆ ಶಾಲು ಹೊದಿಸಿದರು. ನನ್ನ ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟು ಎಂದು ಮೊಣಕೈಯಿಂದ ತಿವಿದರು. ನಾನು ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡೆ.